ಗಾಳದಕ್ಕನ ಎತ್ತರದ ಪಟ್ಟಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗಾಳದಕ್ಕ ಎಂದೇ ಕರೆಯುತ್ತಿದ್ದರು. ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಹೆಂಗಸಿಗೆ ಇಂಥ ಹೆಸರು ಬಂದದ್ದು ಅವಳ ಕೆಲಸದಿಂದ. ಮಕ್ಕಳ ಮಂಚ, ಮೇಜು, ಬೀರು ಮಾಡಿ ಮಾರುವ ಆ ಕಂಪನಿಯಲ್ಲಿ ಜನರಿಗೆ ಏನನ್ನು ಬಿಟ್ಟಿ ಕೊಟ್ಟರೆ ಅವರು ತಮ್ಮ ಇಮೇಲ್ ವಿಳಾಸ ಬಿಟ್ಟು ಹೋಗುತ್ತಾರೆ ಎಂದು ಯೋಚಿಸುವುದೇ ಅವಳ ಉದ್ಯೋಗ. ವಿಳಾಸ ಒಮ್ಮೆ ಲಿಸ್ಟಿಗೆ ಬಿತ್ತೋ, ವಾರವಾರವೂ ಆ ಇಮೇಲಿಗೆ ಕಂಪನಿಯ ಪತ್ರ ಹೋಗುತ್ತಿತ್ತು.

ಅವಳಿಗಿಂತ ಮುಂಚೆ ಇದ್ದವನು ರಿಯಾಯಿತಿ ಕೂಪನ್ನು ಹಂಚಿ ಹಂಚಿ ಸುಸ್ತಾಗಿದ್ದ. ಯಾರೂ ತಿರುಗಿ ನೋಡಿರಲಿಲ್ಲ. ಇವಳು ಬಂದವಳೇ ‘ಮಗು ಊಟಕ್ಕೆ ಹಠ ಹಿಡಿದಾಗ ಓದಲು ಒಂದೇ ಪುಟ’ ಎಂದು ಬರೆದು ಬಿಟ್ಟಿ ಕೊಟ್ಟಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಮಗು ಹಿಡಿದು ಪಟ್ಟ ಪಾಡಿನಿಂದ ಅವಳೇ ಬರೆದ ಪುಟ ಅದು. ಅಮ್ಮಂದಿರು ಮುಗಿಬಿದ್ದರು.

“ಏನಮ್ಮಾ ನಿನ್ನ ಗುಟ್ಟು?” ಎಂದು ಯಜಮಾನರು ಕೇಳಿದ್ದರು.

“ಕೊಡೋದು ಚಿಕ್ಕದೇ ಇರಲಿ ಸಾರ್. ಇವತ್ತೇ ಕೆಲಸಕ್ಕೆ ಬರಬೇಕು, ಅವರ ಮನೆಗೇ ಅಂತ ಮಾಡಿದ ಹಾಗಿರಬೇಕು. ಆಮೇಲೆ ಅವರೇ ಬಾಯಿಬಿಟ್ಟು ಎಲ್ಲಾ ಹೇಳ್ತಾರೆ.”

ಆ ಮಾತನ್ನು ಆಡಿದಾಗ ಅವಳಿಗೆ ಹೆಮ್ಮೆ ಎನಿಸಿತ್ತು.

ಎತ್ತರದ ಪಟ್ಟಿ ಅವಳ ಅತಿ ದೊಡ್ಡ ಗೆಲುವು. ಗೋಡೆಗೆ ಅಂಟಿಸುವ ಉದ್ದನೆಯ ದಪ್ಪ ಕಾಗದ. ಅಂಚಿಗೆ ಅಳತೆಯ ಗೆರೆಗಳು, ನೆತ್ತಿಯಲ್ಲಿ ಮಗುವಿನ ಹೆಸರು ದಪ್ಪ ಅಕ್ಷರದಲ್ಲಿ. ಮಗುವಿನ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಇಮೇಲ್ ಇಷ್ಟು ಕೊಟ್ಟರೆ ಅಚ್ಚುಮನೆಯಿಂದ ನೇರ ಮನೆಗೇ ಬರುತ್ತಿತ್ತು. ತೊಡಕಾದದ್ದು ಒಂದೇ. ಅದೇ ಮಗುವಿಗೆ ಅಮ್ಮನೂ ಕೇಳುವಳು, ಅಜ್ಜಿಯೂ ಕೇಳುವಳು, ಸೋದರತ್ತೆಯೂ ಕೇಳುವಳು. “ಒಂದು ಕೂಸಿಗೆ ಎಷ್ಟು ಪಟ್ಟಿ? ಅದೇನು ತೆಂಗಿನಮರದ ಹಾಗೆ ಬೆಳೆಯುತ್ತಾ?” ಎಂದು ಯಜಮಾನರು ರೇಗಿದರು. ಆಗ ಅವಳೇ ಒಂದು ನಿಯಮ ಮಾಡಿದಳು: ಹೆಸರೂ ಹುಟ್ಟಿದ ದಿನವೂ ಹೊಂದಿದರೆ ಅದು ಒಂದೇ ಮನೆ. ಎರಡನೆಯ ಪಟ್ಟಿ ಕಳಿಸುವುದು ಬೇಡ. ಕೇಳಿದವರಿಗೆ ಒಂದು ಪತ್ರ ಹೋದರೆ ಸಾಕು. ‘ನಿಮ್ಮ ಮುದ್ದು ಮಗುವಿಗಾಗಿ ನಿಮ್ಮವರೇ ಒಬ್ಬರು ಆಗಲೇ ಪಟ್ಟಿ ತರಿಸಿಕೊಂಡಿದ್ದಾರೆ. ಅದು ಈ ವಿಳಾಸದಲ್ಲಿದೆ.’ ಕೆಳಗೆ ವಿಳಾಸ. ಪತ್ರ ತಾನಾಗಿ ಹೋಗುತ್ತಿತ್ತು, ಯಾರೂ ಕೈಹಾಕಬೇಕಿರಲಿಲ್ಲ. ಅಜ್ಜಿಯಂದಿರಿಗೆ ಖುಷಿ, ಯಜಮಾನರಿಗೂ ಖುಷಿ.

ಅವಳ ಮನೆಯ ಹಿಂಬದಿಯ ಕೋಣೆಗೆ ಬಾಡಿಗೆಗೆ ಬಂದವಳು ಬಟ್ಟೆ ಹೊಲಿಯುತ್ತಿದ್ದಳು. ಬರುವಾಗ ಒಂದು ಚೀಲ, ಒಂದು ಹೊಲಿಗೆ ಯಂತ್ರ, ಸೊಂಟದ ಮೇಲೊಂದು ಹೆಣ್ಣುಮಗು. ಮಗು ಗುಬ್ಬಿಯಷ್ಟೇ ತಿನ್ನುತ್ತಿತ್ತು, ಗುಬ್ಬಿಯಷ್ಟೇ ಮೆಲ್ಲಗೆ ಮಾತಾಡುತ್ತಿತ್ತು, ಹಾಗಾಗಿ ಗುಬ್ಬಿ. ಗಾಳದಕ್ಕನ ಮಗಳಿಗೆ ಮನೆಯಲ್ಲಿ ರೇಡಿಯೊ ಎಂದು ಹೆಸರು. ಅಮ್ಮ ಯಾರನ್ನು ಬೈದಳು, ಅಜ್ಜಿ ಏನನ್ನು ಬಚ್ಚಿಟ್ಟಳು, ಎಲ್ಲವನ್ನೂ ಬೀದಿಗೆ ಬಿತ್ತರಿಸುತ್ತಿತ್ತು. ಒಂದೇ ವಯಸ್ಸಿನ ಇಬ್ಬರೂ ಬೆಲ್ಲಕ್ಕೆ ಇರುವೆಯಂತೆ ಅಂಟಿಕೊಂಡರು.

ರೇಡಿಯೊಳ ಗೋಡೆಯ ಪಟ್ಟಿ ಕಂಡು ಗುಬ್ಬಿ ದಿನವೂ ಅದಕ್ಕೆ ಬೆನ್ನು ಹಚ್ಚಿ ನಿಲ್ಲುತ್ತಿತ್ತು. ಅದರ ಮೇಲಿದ್ದದ್ದು ಬೇರೆಯವಳ ಹೆಸರು.

“ಗುಬ್ಬಿಗೂ ಒಂದು ತರಿಸೋಣ ಕಣೇ,” ಎಂದಳು ಗಾಳದಕ್ಕ.

“ಬೇಡ ಅಕ್ಕ. ನಾನು ವಿಳಾಸ ಎಲ್ಲೂ ಬರೆಯೋದಿಲ್ಲ.” ಹೊಲಿಗೆಯವಳು ಹಲ್ಲಿನಲ್ಲಿ ದಾರ ಕಡಿದಳು. “ಇವಳಪ್ಪ ಹುಡುಕ್ತಾ ಇದ್ದಾರೆ. ಸಿಕ್ಕಿದ್ರೆ ಈ ಸಲ ಬಿಡಲ್ಲ.” ಎಡಗೈ ಮಣಿಕಟ್ಟನ್ನು ಎತ್ತಿ ತೋರಿಸಿದಳು, ಅದು ಪೂರ್ತಿ ತಿರುಗುತ್ತಿರಲಿಲ್ಲ.

ಒಳಗಿನಿಂದ ಗಾಳದಕ್ಕನ ಅತ್ತೆ ಕೂಗಿದರು: “ಪೊಲೀಸರಿಗೆ ಹೇಳಬಾರದೇನೇ?”

“ಹೇಳಿದ್ದೆ ಅಮ್ಮ. ಅವರು ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂದ್ರೆ, ಕೊನೆಗೆ ಪೊಲೀಸರು ನನಗೇ ಬುದ್ಧಿ ಹೇಳಿ ಕಳಿಸಿದ್ರು.”

ಗಾಳದಕ್ಕ ಆ ಮಣಿಕಟ್ಟನ್ನು ನೋಡಿದಳು. ಆದರೂ ಬಿಡಲಿಲ್ಲ. “ಅಯ್ಯೋ, ಇದು ನಮ್ಮ ಆಫೀಸಿಂದು. ಲಿಸ್ಟು ನನ್ನ ಕೈಯಲ್ಲೇ ಇರುತ್ತೆ. ನನ್ನ ಬಿಟ್ಟು ಇನ್ಯಾರು ನೋಡ್ತಾರೆ?” ಎಂದು ಅವಳ ಫೋನನ್ನು ತಾನೇ ತೆಗೆದುಕೊಂಡು ಅರ್ಜಿ ತುಂಬಿಸಿದಳು. ಪಟ್ಟಿ ಬಂತು. ಗುಬ್ಬಿ ತನ್ನ ಹೆಸರನ್ನು ಬೆರಳಿನಿಂದ ಸವರಿ ಸವರಿ ನೋಡಿತು. ಹೊಲಿಗೆಯವಳು ಮಗುವಿನ ನೆತ್ತಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದಳು. ಆಮೇಲೆ ಇನ್ನೊಂದು, ಅದರ ಮೇಲೊಂದು.

ಹೀಗೇ ದಿನ ಕಳೆಯುತ್ತಿರುವಾಗ ಆಫೀಸಿನಲ್ಲಿ ಒಂದು ಬೆಳಗ್ಗೆ ಚಹಾದ ಹೊತ್ತು. ಪಟ್ಟಿ ಕೇಳುವ ಅರ್ಜಿಯ ಕೊನೆಯಲ್ಲಿ ‘ಮಗುವಿನ ಬಗ್ಗೆ ಒಂದು ಮಾತು’ ಎಂಬ ಜಾಗವಿತ್ತು. ಅಲ್ಲಿ ಜನ ಬರೆದದ್ದನ್ನು ಪಕ್ಕದ ಮೇಜಿನ ಹುಡುಗಿ ಗಟ್ಟಿಯಾಗಿ ಓದಿ ನಗಿಸುತ್ತಿದ್ದಳು. “ಇದನ್ನ ಕೇಳಿ ಗಾಳದಕ್ಕ, ಎಷ್ಟು ಪ್ರೀತಿ ಪಾಪ! ‘ನನ್ನ ಮಗಳು ಈಗ ಎಷ್ಟೆತ್ತರ ಆಗಿದ್ದಾಳೋ, ನಾನು ನೋಡಲೇಬೇಕು.’” ಆಮೇಲೆ ಮಗುವಿನ ಹೆಸರು ಓದಿದಳು.

ಅದು ಗುಬ್ಬಿಯ ನಿಜವಾದ ಹೆಸರು. ಹುಟ್ಟಿದ ದಿನವೂ ಅದೇ.

ಗಾಳದಕ್ಕ ಲೋಟವನ್ನು ಮೇಜಿನ ಮೇಲಿಟ್ಟಳು. ಪತ್ರ ಹೋಗಿದೆಯಾ ಎಂದು ನೋಡಿದಳು. ಹಿಂದಿನ ದಿನವೇ ಹೋಗಿತ್ತು. ತಾನು ಮಾಡಿದ ನಿಯಮ, ತಾನು ಬರೆದ ಮಾತು, ಕೆಳಗೆ ತನ್ನದೇ ಮನೆಯ ವಿಳಾಸ. ಅದಕ್ಕೆ ಅವನ ಉತ್ತರವೂ ಬಂದಿತ್ತು: ‘ತುಂಬಾ ಉಪಕಾರವಾಯಿತು.’

ಅವಳು ಚೀಲವನ್ನೂ ಮರೆತು ಮನೆಗೆ ಓಡಿದಳು.

ಹೊಲಿಗೆಯವಳು ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು. ಯಂತ್ರದ ಸೂಜಿ ಮೇಲೆತ್ತಿ, ಅರ್ಧ ಹೊಲಿದ ಅಂಗಿಯನ್ನು ನೀಟಾಗಿ ಮಡಿಚಿ, “ಇದು ಮೂಲೆಮನೆಯವರದ್ದು, ಕೊಟ್ಟುಬಿಡಿ ಅಕ್ಕ,” ಎಂದಳು. ಬಂದಾಗ ತಂದಿದ್ದ ಚೀಲಕ್ಕೇ ಎಲ್ಲವನ್ನೂ ತುರುಕಿದಳು. ಯಂತ್ರವನ್ನು ಹೊತ್ತು ಓಡುವುದು ಹೇಗೆ? ಅದನ್ನು ಬಿಟ್ಟಳು.

“ಎಲ್ಲಿಗೆ ಹೋಗ್ತೀಯೇ?”

“ಅದನ್ನ ಮಾತ್ರ ಕೇಳಬೇಡಿ. ಸಂಜೆವರೆಗೂ ಈ ಫೋನ್ ಇರುತ್ತೆ. ಆಮೇಲೆ ಸಿಮ್ ಕಿತ್ತು ಎಸೀತೀನಿ.”

ಬಾಗಿಲಲ್ಲಿ ಮಕ್ಕಳಿಬ್ಬರೂ ಕಿವಿಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿಕೊಂಡರು. ಗಾಳದಕ್ಕ ಅದನ್ನು ಕಂಡಳು. ಕಂಡೂ, ಬೇರೆ ಚಿಂತೆಯಲ್ಲಿ ಮರೆತಳು.

ಮಧ್ಯಾಹ್ನ ಅತ್ತೆ ಮಲಗಿದ್ದರು. ಖಾಲಿ ಕೋಣೆಯ ಗೋಡೆಯಲ್ಲಿ ಪಟ್ಟಿ ಹಾಗೇ ಇತ್ತು; ಅದನ್ನಾದರೂ ಕಿತ್ತುಹಾಕೋಣ ಎಂದು ಅವಳು ಹೋದಳು. ಅಂಟು ಬಿಗಿಯಾಗಿತ್ತು. ಉಗುರಿನಿಂದ ಒಂದೊಂದೇ ಅಂಚು ಎಬ್ಬಿಸಿ, ಸುರುಳಿ ಸುತ್ತುವಷ್ಟರಲ್ಲಿ ಗೇಟಿನ ಕಡೆಯಿಂದ ರೇಡಿಯೊಳ ದನಿ ಕೇಳಿಸಿತು. ಯಾರದೋ ಜೊತೆ ನಗುತ್ತಿತ್ತು.

ಸುರುಳಿ ಹಿಡಿದೇ ಹೊರಗೆ ಬಂದಳು.

ಗೇಟಿನ ಆಚೆ ಒಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಬಾಚಿದ ತಲೆ. ರೇಡಿಯೊಳ ಕೈಯಲ್ಲಿ ಕೀಲಿ ಕೊಟ್ಟರೆ ಕುಪ್ಪಳಿಸುವ ತಗಡಿನ ಹಕ್ಕಿ.

“ಅಮ್ಮಾ, ನೋಡು! ಬಿಟ್ಟಿ ಕೊಟ್ರು!”

ಅವನು ಎದ್ದು ನಿಂತು ಕೈಮುಗಿದ. “ನಮಸ್ಕಾರ. ಪಟ್ಟಿ ಕಳಿಸೋ ಕಂಪನಿಯಲ್ಲಿ ಕೆಲಸ ಮಾಡೋರು ನೀವೇ ಅಂತೆ. ಪಾಪು ಹೇಳ್ತು.” ದನಿ ಬೆಣ್ಣೆಯಂತಿತ್ತು. “ಮಕ್ಕಳಿಗೆ ಏನೇನು ಬಿಟ್ಟಿ ಕೊಡ್ತಾರೋ ಎಲ್ಲಾ ಕಡೆ ಮಗಳ ಹೆಸರು ತುಂಬಿದ್ದೆ. ಉತ್ತರ ಕೊಟ್ಟೋರು ನೀವೊಬ್ಬರೇ.”

“ಇಲ್ಲಿ ಯಾರೂ ಇಲ್ಲ. ಹೋಗಿ.”

“ಗೊತ್ತು.” ಅವನು ನಕ್ಕ. “ಅದು ನನ್ನ ಮಗಳದ್ದಲ್ವಾ?” ಎಂದು ಗೇಟಿನ ಮೇಲಿಂದ ಕೈಚಾಚಿ, ಅವಳು ಬೇಡವೆನ್ನುವ ಮುಂಚೆ ಸುರುಳಿಯನ್ನು ಎಳೆದುಕೊಂಡ. ಬಿಚ್ಚಿ ತನ್ನ ಮೈಗೆ ಹಿಡಿದ. ಎಲ್ಲಕ್ಕಿಂತ ಮೇಲಿನ ಪೆನ್ಸಿಲ್ ಗೆರೆಯ ಮಟ್ಟಕ್ಕೆ, ಗಾಳಿಯಲ್ಲಿ, ಒಂದು ತಲೆ ಅಲ್ಲಿದೆಯೇನೋ ಎಂಬಂತೆ ಅಂಗೈ ಇಟ್ಟ. “ಬೆಳೆದಿದ್ದಾಳೆ,” ಎಂದ. ಪಟ್ಟಿಯನ್ನು ಮತ್ತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಅವಸರವೇ ಇಲ್ಲದವನ ಹಾಗೆ ನಡೆದು ಕಾರು ಹತ್ತಿದ.

ಗಾಳದಕ್ಕ ಮಗಳ ಮುಂದೆ ಮಂಡಿಯೂರಿದಳು. “ಸುಮ್ನೆ ಕೊಟ್ರಾ ಚಿನ್ನ, ಹಕ್ಕಿನ?”

“ಹೂಂ, ಸುಮ್ನೆ. ಒಂದೇ ಒಂದು ಪ್ರಶ್ನೆ ಕೇಳಿದ್ರು, ಅಷ್ಟೇ.”

“ನೀನು ಏನಂದೆ?”

“ಗುಬ್ಬಿ ಹಡಗು ಕಾಣೋ ಊರಿಗೆ ಹೋಗಿದ್ದಾಳೆ ಅಂದೆ. ಬಸ್ಸಲ್ಲಿ.” ಮಗು ಅಮ್ಮನ ಮುಖ ನೋಡಿ ಹಕ್ಕಿಯನ್ನು ಬೆನ್ನ ಹಿಂದೆ ಮರೆಮಾಡಿತು. “ತಪ್ಪಾಯ್ತಾ ಅಮ್ಮ?”

ತಪ್ಪು ಎಂದು ಯಾವ ಬಾಯಿಂದ ಹೇಳುವುದು? ಚಿಕ್ಕದೊಂದು ವಸ್ತು, ನಿನಗೇ ಎಂದು ತಂದ ಹಾಗೆ, ಒಂದೇ ಒಂದು ಪ್ರಶ್ನೆ. ಅವಳ ಕಸುಬನ್ನೇ ಅವನು ಅವಳ ಗೇಟಿನಲ್ಲಿ ಮಾಡಿ ಹೋಗಿದ್ದ.

ಕೂಡಲೇ ಫೋನ್ ಮಾಡಿದಳು. ಬಸ್ಸಿನ ಗದ್ದಲದ ನಡುವೆ ಹೊಲಿಗೆಯವಳ ದನಿ ಬಂತು.

“ಆ ಊರಿಗೆ ಹೋಗಬೇಡ ಕಣೇ! ಹಡಗಿನ ಊರು ಅವನಿಗೆ ಗೊತ್ತಾಯ್ತು. ನಮ್ಮ ಹುಡುಗಿ ಹೇಳಿಬಿಟ್ಟಳು. ಕಾರಲ್ಲಿ ಹೊರಟಿದ್ದಾನೆ.”

ಆ ಕಡೆ ಗುಬ್ಬಿ ನೀರು ಕೇಳಿದ್ದು ಕೇಳಿಸಿತು.

“ಸರಿ ಅಕ್ಕ. ಮುಂದಿನ ಸ್ಟಾಪಲ್ಲಿ ಇಳೀತೀವಿ,” ಎಂದಳು. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಮರುದಿನ ಗಾಳದಕ್ಕ ಆಫೀಸಿಗೆ ಹೋಗಿ ಮೊದಲು ಆ ನಿಯಮವನ್ನು ಕಿತ್ತುಹಾಕಿದಳು. ಪಟ್ಟಿಯ ಕೊಡುಗೆಯನ್ನೇ ನಿಲ್ಲಿಸಿದಳು. ಅವನ ಇಮೇಲನ್ನು ಲಿಸ್ಟಿನಿಂದ ಅಳಿಸಿದಳು. ಯಜಮಾನರು ಕೂಗಾಡಿದರು, ಅವಳು ತಲೆಯೆತ್ತಿ, “ಇನ್ಮೇಲೆ ಮನೆ ವಿಳಾಸ ಕೇಳೋ ಗಾಳ ನನ್ನ ಕೈಯಲ್ಲಿ ಆಗಲ್ಲ ಸಾರ್,” ಎಂದಳು. ಪೊಲೀಸ್ ಠಾಣೆಗೂ ಹೋಗಿ ಬಂದಳು. ಬರೆದುಕೊಂಡರು. ತಂದೆಯಾದವನು ಮಗಳನ್ನು ಹುಡುಕಿದರೆ ತಪ್ಪೇನು ಎಂದೂ ಕೇಳಿದರು.

ಹೊಲಿಗೆಯವಳ ಇಮೇಲನ್ನು ಮಾತ್ರ ಅಳಿಸಲು ಕೈ ಬರಲಿಲ್ಲ. ಪತ್ರ ಕಳಿಸುವ ಆಫೀಸಿನ ಕಂಪ್ಯೂಟರಿಗೆ ಒಂದು ಗುಣವಿತ್ತು: ಯಾರಾದರೂ ಪತ್ರವನ್ನು ತೆರೆದು ಓದಿದರೆ ಅವರ ವಿಳಾಸದ ಮುಂದೆ ಒಂದು ಹಸಿರು ಚುಕ್ಕೆ ಹತ್ತುತ್ತಿತ್ತು. ಎಲ್ಲಿದ್ದೀಯ, ಹೇಗಿದ್ದೀಯ ಎಂದು ಗಾಳದಕ್ಕ ಬೇರೆಯಾಗಿ ಬರೆದಳು. ಉತ್ತರ ಬರಲಿಲ್ಲ. ಆದರೆ ಮಂಚ ಬೀರುಗಳ ಪತ್ರ ಹೋದ ವಾರ, ಹೊಲಿಗೆಯವಳ ವಿಳಾಸದ ಮುಂದೆ ಚುಕ್ಕೆ ಹಸಿರಾಯಿತು. ಗಾಳದಕ್ಕ ಮೇಜಿಗೆ ತಲೆಯಾನಿಸಿ ಬಿಕ್ಕಿದಳು. ಪಕ್ಕದ ಹುಡುಗಿ ಗಾಬರಿಯಾಗಿ ನೀರು ತಂದುಕೊಟ್ಟಳು.

ಅದರ ಮುಂದಿನ ವಾರವೂ ಹಸಿರು. ಆಮೇಲೂ ಹಸಿರು.

ಈಗ ಅವಳು ವಾರವಾರವೂ ಪತ್ರ ಕಳಿಸಿ, ಚುಕ್ಕೆ ಹತ್ತುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಹತ್ತಿದರೆ ಬದುಕಿದ್ದಾಳೆ ಎಂದುಕೊಳ್ಳುತ್ತಾಳೆ. ಮಗಳಿಗೆ ಜಡೆ ಹಾಕುವಾಗ, ಗುಬ್ಬಿ ಚೆನ್ನಾಗಿದ್ದಾಳೆ ಎನ್ನುತ್ತಾಳೆ. ಆದರೆ ಮೊನ್ನೆ ಒಂದು ಯೋಚನೆ ಬಂದು ಕೂತಿದೆ, ಎಷ್ಟು ಕೊಡವಿದರೂ ಹೋಗುತ್ತಿಲ್ಲ. ಪತ್ರ ತೆರೆದಿದೆ ಎಂದಷ್ಟೇ ಆ ಚುಕ್ಕೆ ಹೇಳುತ್ತದೆ. ಫೋನ್ ಹಿಡಿದ ಕೈ ಯಾರದು ಎಂದು ಹೇಳುವುದಿಲ್ಲ.