ಪಾವಣ್ಯಾರಿಗೆ ಬಿಟ್ಟ ನೀರು

ಕಾಕಾನ ಪಾದಗಳು ಮಳೆಗಾಲದಿಂದ ಹೋಳಿಹುಣ್ಣಿಮೆಯವರೆಗೂ ಬೆಳ್ಳಗೆ ಸುಕ್ಕುಗಟ್ಟಿಕೊಂಡೇ ಇರುತ್ತಿದ್ದವು. ಹಿಮ್ಮಡಿಯಲ್ಲಿ ಬಿರುಕು, ಉಗುರಿನ ಸಂದಿಯಲ್ಲಿ ಹಸಿರು ಪಾಚಿ. ಕೊಲ್ಲಾಪುರಿ ಚಪ್ಪಲಿ ನೀರಿಗೆ ಹಾಳಾಗುತ್ತದೆಂದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ, ದಬದಬಿಯ ಕೆಳಗಿನ ಬಂಡೆಯ ಮೇಲೆ ನಿಂತು ಬೀಳುವ ನೀರನ್ನೇ ನೋಡುತ್ತಿದ್ದ. ಕರೆದರೆ ಕೇಳಿಸುತ್ತಿರಲಿಲ್ಲ. ಊಟಕ್ಕೆ ಕರೆಯಲು ಹೋದವರು ಕಲ್ಲೆಸೆದು ಕರೆಯಬೇಕಾಗುತ್ತಿತ್ತು.

ನಿಪ್ಪಾಣಿಯಾಚೆ ಗುಡ್ಡದ ಬುಡದಲ್ಲಿ ನಮ್ಮ ತೋಟದ ವಸ್ತಿ, ಏಳೆಂಟು ಮನೆ ಅಷ್ಟೆ. ಗುಡ್ಡದಿಂದ ಇಳಿದ ಹಳ್ಳ ಮೊದಲು ನಮ್ಮ ಹೊಲ ಹೊಕ್ಕು, ಆಮೇಲೆ ಬಂಡೆಯ ಮೇಲಿಂದ ಕಾಕಾನ ಹೊಲಕ್ಕೆ ಧುಮುಕುತ್ತಿತ್ತು; ಆ ಬೀಳುವ ನೀರಿಗೇ ದಬದಬಿ ಎನ್ನುತ್ತಿದ್ದೆವು. ಅಣ್ಣತಮ್ಮಂದಿರು ಬೇರೆಯಾದಾಗ ಮೇಲಿನ ಹೊಲ ನಮ್ಮಪ್ಪನಿಗೂ ದಬದಬಿ ಸಮೇತ ಕೆಳಗಿನದು ಕಾಕಾನಿಗೂ ಬಂದಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವನೇ ಹೊಲ ನೋಡಿಕೊಂಡಳು. ಹಿಂಗಾರಿನಲ್ಲಿ ಹಳ್ಳಕ್ಕೆ ಮಣ್ಣಿನ ಒಡ್ಡು ಹಾಕಿ ನೀರನ್ನು ಗೋಧಿಗೂ ಕಬ್ಬಿಗೂ ತಿರುಗಿಸಿಕೊಳ್ಳುತ್ತಿದ್ದೆವು. ನಮ್ಮ ಊಟ, ನಿಪ್ಪಾಣಿಯ ಕಾಲೇಜಿನಲ್ಲಿ ನನ್ನ ಓದು, ಎಲ್ಲ ಆ ಒಡ್ಡಿನ ಮೇಲೆಯೇ ನಿಂತಿತ್ತು. ಅಲ್ಲಿಂದ ಸೋರಿ ಉಳಿದ ನೀರು ನನ್ನ ಜಡೆಯಷ್ಟು ದಪ್ಪವಾಗಿ ಕೆಳಗೆ ಬೀಳುತ್ತಿತ್ತು.

ಕಾಕಾನಿಗೆ ನಾಚಿಕೆ ಬಹಳ ಬೇಗ ಆಗುತ್ತಿತ್ತು. ಚಹಾ ಕುಡಿಯದೆ ಹೊರಟುಹೋದ ಒಬ್ಬ ದೂರದ ಸಂಬಂಧಿಕನ ಹಿಂದೆ ಬೋರಗಾಂವದ ಬಸ್ಸು ನಿಲ್ಲುವ ಜಾಗದ ತನಕ ತಂಬಿಗೆಯಲ್ಲಿ ಚಹಾ ಒಯ್ದವನು ಅವನು. ಸಂತೆಯಲ್ಲಿ ಯಾರಾದರೂ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇವನೇ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ನೀರಿನ ವಿಷಯದಲ್ಲೂ ಅವನಿಗೆ ನಾಚಿಕೆಯೇ. ಊರಿಗೆ ಕರೆಂಟು ಬಂದು ಎಷ್ಟೋ ವರ್ಷವಾಗಿದ್ದರೂ ಕಂಬ ನಮ್ಮ ವಸ್ತಿಯವರೆಗೆ ಬಂದಿರಲಿಲ್ಲ. "ಇಷ್ಟ ಎತ್ತರಿಂದ ನೀರ ಸುಮ್ಮ ಬೀಳಾಕತ್ತೈತಿ, ನಾವು ಚಿಮಣಿ ಹಚಗೊಂಡ ಕುಂತೀವಿ. ಮಂದಿ ಕೇಳಿದ್ರ ಏನ ಹೇಳೂದು?" ಎನ್ನುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

ಎಂಬತ್ತರ ದಶಕದ ಕೊನೆಯಲ್ಲಿ ಕೊಲ್ಲಾಪುರದ ಒಂದು ಪ್ರದರ್ಶನಕ್ಕೆ ಹೋದವನು ಟರ್ಬೈನಿನ ಕ್ಯಾಟಲಾಗು ಹಿಡಿದುಕೊಂಡು ಬಂದ. ಇಂಗ್ಲಿಷಿನಲ್ಲಿತ್ತು. ಶನಿವಾರ ನಾನು ಕಾಲೇಜಿನಿಂದ ಬರುವುದನ್ನೇ ಕಾಯುತ್ತಿದ್ದು, "ಓದ ಯವ್ವಾ" ಎಂದು ಎದುರಿಗೆ ಕೂಡುತ್ತಿದ್ದ. ಅದರಲ್ಲಿ ಎರಡು ಚಿತ್ರ ನಮಗೆ ಮುಖ್ಯವಾದವು. ಒಂದು, ಸುತ್ತ ಬಟ್ಟಲು ಜೋಡಿಸಿದ ಸಣ್ಣ ಗಾಲಿ; ಎತ್ತರದಿಂದ ಬೀಳುವ ಸ್ವಲ್ಪ ನೀರು ಪೈಪಿನಿಂದ ಚಿಮ್ಮಿ ಬಟ್ಟಲಿಗೆ ಹೊಡೆದರೆ ಸಾಕು, ತಿರುಗುತ್ತದೆ, ಏಳೆಂಟು ಮನೆಗೆ ದೀಪ ಉರಿಯುತ್ತದೆ. ಇನ್ನೊಂದು ಡ್ರಮ್ಮಿನಂಥದು, ಹಿಟ್ಟಿನ ಗಿರಣಿಯನ್ನೂ ನಡೆಸಬಲ್ಲದು, ಆದರೆ ಅದಕ್ಕೆ ಹೊಳೆಯಂಥ ನೀರು ಬೇಕು. ಕಾಕಾ ಬಟ್ಟಲ ಗಾಲಿಯ ಮೇಲೆ ಬೆರಳಿಟ್ಟು, ನಮ್ಮ ನೀರಿಗೆ ಇದೇ ಸರಿ ಎಂದ. ಅವನ ಆಯ್ಕೆ ಅಂದೇ ಸರಿಯಾಗಿತ್ತು. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ದೀಪಾವಳಿ ಮುಗಿದ ಮೇಲೆ ಕಂಪನಿಯ ಹುಡುಗ ಎಂಜಿನಿಯರು ನೀರು ಅಳೆಯಲು ಬರುವುದೆಂದಾಯಿತು. ಹಿಂದಿನ ದಿನ ಕಾಕಾ ನಮ್ಮ ಮನೆಗೆ ಬಂದು, ಅತ್ತಿಗೆಯಾದ ಅವ್ವನಿಗೆ, "ನಾಳಿ ಪಾವಣ್ಯಾರು ಬರತಾರ್ರಿ ವೈನಿ" ಎಂದ. ಅಷ್ಟು ಹೇಳಿದರೆ ಸಾಕು. ಎರಡು ಮನೆಗಳಲ್ಲಿ ಯಾರ ಮನೆಗೆ ಪಾವಣ್ಯಾರು, ಅಂದರೆ ನೆಂಟರು ಅತಿಥಿಗಳು ಬಂದರೂ ಆ ದಿನ ನಮ್ಮ ಒಡ್ಡು ಒಡೆಯುವುದು ಮೊದಲಿನಿಂದ ಬಂದ ರೂಢಿ. ಬಂದವರು ದಬದಬಿ ನೋಡಲು ಹೋಗುತ್ತಾರೆ, ಅವರ ಮುಂದೆ ಜಡೆಯಷ್ಟು ನೀರು ಬೀಳಬಾರದು. ಅಥಣಿಯ ಬೀಗರು ಬಂದಾಗಲೂ ಒಡೆದಿದ್ದೆವು, ಹೆಣ್ಣು ನೋಡುವವರು ಬಂದಾಗಲೂ ಒಡೆದಿದ್ದೆವು. ಬೆಳಿಗ್ಗೆ ಅವ್ವ ಸೆರಗು ಸಿಕ್ಕಿಸಿ, ಸಲಿಕೆ ಹಿಡಿದು, ತಾನೇ ಒಡ್ಡು ಒಡೆದು ಬಂದಳು. ಈ ಪಾವಣ್ಯಾ ನೋಡಲು ಬಂದವನಲ್ಲ, ಅಳೆಯಲು ಬಂದವನು ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆ ಹುಡುಗ ನೀರಿಗೆ ಹಿಡಿದ ಬ್ಯಾರೆಲ್ಲು ಅವನು ಗಡಿಯಾರ ನೋಡುವಷ್ಟರಲ್ಲಿ ತುಂಬಿ ಚೆಲ್ಲಿತು. ಮತ್ತೆ ಮತ್ತೆ ಹಿಡಿದ. ಅವನ ಮುಖ ಅರಳಿತು. "ಇಷ್ಟ ನೀರ ಇಟಗೊಂಡು ಸಣ್ಣ ಗಾಲಿ ಯಾಕ್ರಿ ಕಾಕಾ? ದೊಡ್ಡದ ತಗೋರಿ, ಗಿರಣೀನೂ ನಡೀತೈತಿ" ಎಂದ.

ಕಾಕಾ ನನ್ನ ಕಡೆ ನೋಡಿದ. ಆಮೇಲೆ, ಚಕ್ಕುಲಿ ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದ ಅವ್ವನ ಕಡೆ ನೋಡಿದ. ಆಗ ನಮಗೆಲ್ಲ ತಿಳಿಯಿತು. ಆದರೆ ಹೇಳುವುದು ಹೇಗೆ? ಇದು ನಿನಗಾಗಿ ಬಿಟ್ಟ ನೀರಪ್ಪಾ, ದಿನದ್ದಲ್ಲ ಎಂದು ಬಂದವನ ಮುಖಕ್ಕೆ ಹೇಳುವುದೆಂದರೆ ಊಟಕ್ಕೆ ಕೂತವನಿಗೆ ತುಪ್ಪದ ಲೆಕ್ಕ ಒಪ್ಪಿಸಿದಂತೆ. ಕಾಕಾ, "ಹೌದ್ರಿ, ನೀವ ಹೇಳಿದ್ದ ಖರೆ" ಎಂದುಬಿಟ್ಟ.

ಮುಂದಿನ ವಾರ ಅದನ್ನು ಸರಿಪಡಿಸಲೆಂದೇ ಕೊಲ್ಲಾಪುರಕ್ಕೆ ಹೋದ. ಆ ಹುಡುಗ ಎದ್ದು ನಿಂತು ಕುರ್ಚಿ ಕೊಟ್ಟನಂತೆ, ಇಂಥ ನೀರು ತಾನು ನೋಡೇ ಇಲ್ಲವೆಂದು ಆಫೀಸಿನವರಿಗೆಲ್ಲ ಹೇಳಿದನಂತೆ. ನಮ್ಮ ಕಾಕಾ ಚಹಾ ಕುಡಿದು, ಡ್ರಮ್ಮಿಗೇ ಒಪ್ಪಿಕೊಂಡು ವಾಪಸು ಬಂದ.

ಸಂಕ್ರಾಂತಿಯ ಸಂಜೆ ಡ್ರಮ್ಮನ್ನು ಶುರು ಮಾಡುವುದೆಂದು ನಿಶ್ಚಯವಾಯಿತು. ಬೋರಗಾಂವದಿಂದಲೂ ಜನ ಬಂದರು. ನಮ್ಮ ಗೋಧಿ ಆಗ ತೆನೆ ಕಟ್ಟುತ್ತಿತ್ತು, ನೀರು ತಪ್ಪಿದರೆ ಕಾಳು ಜೊಳ್ಳು. ಆದರೂ ಅವ್ವ ಸಲಿಕೆ ಹಿಡಿದು ಹೊರಟಳು. ಕಾಕಾ ದಾರಿಯಲ್ಲಿ ಅಡ್ಡ ನಿಂತ.

"ಇವತ್ತ ಬ್ಯಾಡ್ರಿ ವೈನಿ. ಇವತ್ತೂ ಸುಳ್ಳ ನೀರ ತೋರಸೂದ ಬ್ಯಾಡ."

ತೆಂಗಿನಕಾಯಿ ಒಡೆದರು. ಪೈಪಿನ ಬಾಯಿ ತೆರೆದರು. ಡ್ರಮ್ಮು ನರಳುತ್ತ ನಾಲ್ಕು ಸುತ್ತು ತಿರುಗಿತು. ವಸ್ತಿಯ ಬಲ್ಬುಗಳು ಬೀಡಿಯ ತುದಿಯಷ್ಟು ಕೆಂಪಾದವು, ಮತ್ತೆ ಕಪ್ಪಾದವು. ಮೊದಲು ಯಾರೋ ಒಬ್ಬ ನಕ್ಕ, ಆಮೇಲೆ ತಡೆಯಲಾಗದೆ ಎಲ್ಲರೂ ನಕ್ಕರು. ಎಂಜಿನಿಯರು ಹುಡುಗ ಬೆವತುಹೋಗಿ, ಮತ್ತೊಮ್ಮೆ ಅಳೆಯುತ್ತೇನೆ ಎಂದ. ಕಾಕಾ ಬಿಡಲಿಲ್ಲ. ಹುಡುಗನ ತಪ್ಪೇನಿಲ್ಲ, ಆರಿಸುವುದರಲ್ಲಿ ತಾನೇ ತಪ್ಪಿದೆ ಎಂದು ನೆರೆದವರಿಗೆಲ್ಲ ಕೈಮುಗಿದು ಹೇಳಿ, ಎಳ್ಳುಬೆಲ್ಲ ಹಂಚಿ ಕಳಿಸಿದ.

ಮರುದಿನ ಅವ್ವ ಅವನ ಕಟ್ಟೆಗೆ ಹೋಗಿ, ಇನ್ನು ಮೇಲೆ ತಾನು ಒಡ್ಡು ಹಾಕುವುದಿಲ್ಲ, ಪೂರಾ ನೀರು ಕೆಳಗೇ ಬರಲಿ, ನಮ್ಮದು ಹೇಗಾದರೂ ನಡೆಯುತ್ತದೆ ಎಂದಳು. ಹೇಗಾದರೂ ಎಂದರೆ ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಹ್ಞೂಂ ಎಂದರೆ ನನ್ನ ಕಾಲೇಜು ಅಲ್ಲಿಗೆ ಮುಗಿಯುತ್ತಿತ್ತು.

ಕಾಕಾ ಒಪ್ಪಲಿಲ್ಲ. "ಗಾಲಿ ತಿರಗಬೇಕಂದ್ರ ನೀವು ಬಿತ್ತೂದ ಬಿಡಬೇಕ್ರಿ. ಆ ಬೆಳಕಿನ್ಯಾಗ ನಿಮ್ಮ ಮಾರಿ ನಾ ಹ್ಯಾಂಗ ನೋಡ್ಲಿ? ಮಂದಿ ನಗತಾರ, ನಗಲಿ ಬಿಡ್ರಿ."

ಜನ ನಕ್ಕರು, ಮನಸಾರೆ ನಕ್ಕರು. ಡ್ರಮ್ಮನ್ನು ವಾಪಸು ಕೊಳ್ಳುವವರು ಸಿಗಲಿಲ್ಲ, ಸಣ್ಣ ಗಾಲಿ ತರುವ ತಾಕತ್ತು ಅವನಲ್ಲಿ ಉಳಿದಿರಲಿಲ್ಲ. ನಿಪ್ಪಾಣಿಯ ಚಹಾದಂಗಡಿಯಲ್ಲಿ ಅವನಿಗೆ ಡ್ರಮ್ಮಿನ ಕಾಕಾ ಎಂದೇ ಹೆಸರಾಯಿತು. ಬಸ್ಸಿನಲ್ಲಿ ನನ್ನನ್ನೂ ಬಿಡಲಿಲ್ಲ, ನಿಮ್ಮ ಡ್ರಮ್ಮು ಏನನ್ನುತ್ತದೆ ಎನ್ನುತ್ತಿದ್ದರು. ನಿಜ ಹೇಳಿಬಿಡುತ್ತೇನೆ ಎಂದು ಒಂದು ದಿನ ಅವನ ಮುಂದೆ ಸಿಟ್ಟಿಗೆದ್ದೆ. ಹೇಳಿದರೆ ಅವ್ವನ ಒಡ್ಡಿನಿಂದಲೇ ವಸ್ತಿಯ ದೀಪ ಆರಿತು ಎಂದು ಆಡಿಕೊಳ್ಳುತ್ತಾರೆ, ಬಾಯಿ ಮುಚ್ಚಿಕೊಂಡಿರು ಎಂದ. ಮುಚ್ಚಿಕೊಂಡೆ. ಪ್ರತಿ ವರ್ಷ ಗೋಧಿಯ ರಾಶಿ ಮನೆಗೆ ಬಂದಾಗ ನನಗೆ ಖುಷಿಗಿಂತ ನಾಚಿಕೆಯೇ ಹೆಚ್ಚಾಗುತ್ತಿತ್ತು. ಅವ್ವ ಹೊಸ ಗೋಧಿಯ ಹೋಳಿಗೆಯನ್ನು ಮೊದಲು ಅವನ ಮನೆಗೆ ಕಳಿಸುತ್ತಿದ್ದಳು. ಅವನು ತುಪ್ಪ ಸುರಿದುಕೊಂಡು ತಿಂದು, ಗೋಧಿ ಚಲೋ ಬಂದೈತಿ ಎನ್ನುತ್ತಿದ್ದ. ಆ ಗೋಧಿಯಲ್ಲೇ ನನ್ನ ಡಿಗ್ರಿ ಮುಗಿಯಿತು, ಐನಾಪುರದ ಶಾಲೆಯಲ್ಲಿ ನೌಕರಿ ಸಿಕ್ಕಿತು.

ತೊಂಬತ್ತರ ದಶಕದ ನಡುವೆ ಕಂಬಗಳು ವಸ್ತಿಗೂ ಬಂದವು. ಅದಾಗಿ ಎರಡನೆಯ ಚಳಿಗಾಲದಲ್ಲಿ ಕಾಕಾ ಎದೆನೋವೆಂದು ಚಿಕ್ಕೋಡಿಯ ಆಸ್ಪತ್ರೆ ಸೇರಿದ. ಅವ್ವನೂ ನಾನೂ ನೋಡಲು ಹೋದೆವು. ಅವನು ಅವ್ವನನ್ನು ಹತ್ತಿರ ಕರೆದ. ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಈಗ ಹೇಳುತ್ತಾನೆ, ಬೈದರೂ ಬೈಯಲಿ ಎಂದು ನಾನು ಕಾದೆ. ಹಾಗೆ ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

"ವೈನಿ, ಆ ಹುಡುಗ ನೀರ ಅಳ್ಯಾಕ ಬಂದಾಗ ನಿಮ್ಮ ಒಡ್ಡ ಒಡಸಿದೆ. ಆವತ್ತಿನ ಒಂದ ದಿನದ ನೀರಿನ ಸಾಲ ನನ್ನ ಮ್ಯಾಲ ಐತ್ರಿ" ಎಂದ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂರನೆಯ ದಿನ ಅವನು ಹೋಗಿಬಿಟ್ಟ.