ಕಲ್ಲನ್ನೂ ಕರಗಿಸುವ ಹೊಟ್ಟೆ

ಕೋಡಿಂಬಾಳದ ನಮ್ಮ ನೆರೆಮನೆಯ ಟೈಲರು ಏನು ತಿಂದರೂ ಆಮೇಲೆ ಹೊಟ್ಟೆಗೆ ಅಂಗೈಯಿಂದ ಪಟಪಟ ಬಡಿದು, “ಇದಕ್ಕೆ ಎಂತ ಆಗುದಿಲ್ಲ ಮಾರಾಯ್ರೆ, ಕಲ್ಲು ಹಾಕಿದ್ರೂ ಕರಗ್ತದೆ” ಎನ್ನುತ್ತಿದ್ದರು. ವಯಸ್ಸು ಅರವತ್ತು ದಾಟಿ ಅವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೂ ಆ ಮಾತು ಬದಲಾಗಲಿಲ್ಲ.

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಹಿ ಕಷಾಯ ಮಾಡಿ ನೆರೆಕರೆಗೆಲ್ಲ ಹಂಚುವವರು ಅವರೇ. ಅದನ್ನು ಕುಡಿದರೆ ವರ್ಷವಿಡೀ ರೋಗವಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಆ ವರ್ಷವೂ ಅವರ ಜಗಲಿಯಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿದೆವು. ಬಾಯಿ ಕಹಿಯಾದದ್ದು ಬಿಟ್ಟರೆ ನಮಗೇನೂ ಆಗಲಿಲ್ಲ. ಮೆಂತೆ ಗಂಜಿ ಬಡಿಸುವ ಹೊತ್ತಿಗೆ ಟೈಲರು ಬೆವರಿ, ನಡುಗಿ, ಹೊಲಿಗೆ ಮೆಷಿನಿನ ಮೇಲೆಯೇ ಕುಸಿದರು. ಗಂಜಿ ಬಡಿಸುತ್ತಿದ್ದ ನಾನು ಸೌಟು ಬಿಟ್ಟು ಓಡಿ ಅವರನ್ನು ಹಿಡಿದೆ.

ಜೀಪಿನಲ್ಲಿ ಪುತ್ತೂರಿಗೆ ಒಯ್ದೆವು. ಬದುಕಿದರು.

“ಮರ ತಪ್ಪಿದ್ದಲ್ಲ, ತಪ್ಪಿದ್ರೆ ಕುಡಿದವರೆಲ್ಲ ಬೀಳ್ತಿದ್ರು” ಎಂದರು ಡಾಕ್ಟರು. “ಕಷಾಯದಲ್ಲಿರುವ ವಿಷವನ್ನು ಅದು ರಕ್ತಕ್ಕೆ ಸೇರುವ ಮೊದಲೇ ಕರುಳು ಸ್ವಲ್ಪ ಮುರಿದು ಹಾಕ್ತದೆ. ಸಕ್ಕರೆ ಕಾಯಿಲೆ ಆ ಕೆಲಸವನ್ನೇ ಕೆಡಿಸಿರಬೇಕು. ಇವರದ್ದು ಈಗ ಹಳೆಯ ಹೊಟ್ಟೆ ಅಲ್ಲ.”

ಟೈಲರು ಅಭ್ಯಾಸದಿಂದ ಕೈ ಎತ್ತಿದರು. ಬಡಿಯಲಿಲ್ಲ. ಗುರುತಿಲ್ಲದ ನಾಯಿಯನ್ನು ಮುಟ್ಟುವ ಹಾಗೆ ಮೆಲ್ಲಗೆ ಹೊಟ್ಟೆಯ ಮೇಲಿಟ್ಟು ನನ್ನನ್ನು ಕೇಳಿದರು:

“ಹಾಗಾದ್ರೆ ಇಷ್ಟು ದಿನ ನಾನು ಯಾರ ಹೊಟ್ಟೆಗೆ ಊಟ ಹಾಕಿದ್ದು ಮಾರಾಯ್ರೆ?”