ಮಕ್ತುಮ್ ಸಾಬರ ಇಳಿಜಾರು

ಮಕ್ತುಮ್ ಸಾಬರ ಅಜ್ಜ ಬಡೇಸಾಬರು ದಾವಣಗೆರೆಯಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವರು. ಒದೆಯುವ ಕುದುರೆ ಎಂದು ಊರೆಲ್ಲ ಹೆದರಿ ದೂರ ನಿಂತರೆ, ಇವರು ಅದರ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಮದುಮಗಳಿಗೆ ಕಾಲುಂಗುರ ತೊಡಿಸಿದಷ್ಟು ಜತನದಿಂದ ಲಾಳ ಕೂರಿಸುತ್ತಿದ್ದರು. ಮುಂದಿನ ಎರಡು ಹಲ್ಲು ಹೋದದ್ದು ಆ ಜತನದಲ್ಲಿಯೇ. ಅಪ್ಪ ಕುತುಬುದ್ದೀನರು ಹರಿಹರಕ್ಕೆ ಜಟಕಾ ಹೊಡೆದರು. ಏರು ಬಂದರೆ ತಾವೂ ಇಳಿದು, ಒಳಗೆ ಕೂತವರನ್ನೂ ಇಳಿಸಿ, ಕುದುರೆಯ ಪಕ್ಕದಲ್ಲಿ ನಡೆಯುವುದು ಅವರ ಪದ್ಧತಿ. ಒಮ್ಮೆ ದಾರಿಯ ನಡುವಿನ ಬಾತಿ ಊರಿನ ಹತ್ತಿರ ಅಮಲ್ದಾರರನ್ನೇ ಇಳಿಸಿ, "ಕುದುರಿಗೆ ಅಮಲ್ದಾರ್ರು, ಜವಾನ ಇಬ್ರೂ ಒಂದೇ ತೂಕರಿ" ಎಂದಿದ್ದರಂತೆ.

ಇಂಥ ವಂಶದ ಮಕ್ತುಮ್ ಸಾಬರು ಮಹಾಯುದ್ಧ ಮುಗಿದ ಮೇಲೆ ಮಿಲ್ಟ್ರಿ ಹರಾಜಿನಲ್ಲಿ ಒಂದು ಮೋಟಾರ್ ಸೈಕಲ್ ಹಿಡಿದು ತಂದರು, ರಿಪೇರಿ ಅಂಗಡಿ ಇಟ್ಟರು. ಊರಿನ ಮುಕ್ಕಾಲು ಪಾಲು ಫಟಫಟಿಗಳು ಒಂದಲ್ಲ ಒಂದು ದಿನ ಅವರ ಬಲಗಾಲಿನ ಒದೆ ತಿಂದು ಎದ್ದವೇ. ಅಜ್ಜ ಒದೆಸಿಕೊಂಡು ಬದುಕಿದ, ಮೊಮ್ಮಗ ಒದ್ದು ಬದುಕಿದ ಎಂದು ಜನ ನಗುತ್ತಿದ್ದರು. ಸಾಬರೂ ನಗುತ್ತಿದ್ದರು.

ಸಾವಿರದ ಒಂಬೈನೂರ ಅರವತ್ನಾಲ್ಕರ ಹೊತ್ತಿಗೆ ಆ ಬಲಗಾಲಿನ ಮೊಣಕಾಲು ಕೈಕೊಟ್ಟಿತು. ಮೆಟ್ಟಿಲು ಹತ್ತಿದರೆ ಒಳಗೆ ಕಡಲೆ ಹುರಿದಂತೆ ಸಪ್ಪಳ. ಈ ಗುಟ್ಟು ಗೊತ್ತಿದ್ದದ್ದು ಎಣ್ಣೆ ತಿಕ್ಕುವ ಹೆಂಡತಿ ಅಮೀನಾಬೀಗೆ ಮಾತ್ರ. ಮುಚ್ಚಿಡಲು ಕಾರಣವಿತ್ತು. ಮೂರು ವರ್ಷದ ಹಿಂದೆ ಗೆಳೆಯ ನಬೀ ಸಾಬರ ಗಾಡಿಯನ್ನು ಅವರ ಮಗ ಒದ್ದು ಸ್ಟಾರ್ಟ್ ಮಾಡಿಕೊಟ್ಟಿದ್ದನ್ನು ಕಂಡು, "ತನ್ನ ಗಾಡಿ ತಾನು ಎಬ್ಬಿಸಲಾರದವ ಇನ್ನೊಬ್ರ ಹಿಂದೆ ಕೂಡ್ಬೇಕಪ್ಪ" ಎಂದು ನಾಲ್ಕು ಜನರೆದುರು ಕಾನೂನು ಮಾಡಿದವರು ಇವರೇ. ನಬೀ ಸಾಬರು ರೋಷಕ್ಕೆ ಗಾಡಿ ಮಾರಿ, ಅಂದಿನಿಂದ ಇನ್ನೊಬ್ಬ ಗೆಳೆಯ, ಬಾತಿಯ ಗೌಡ ಕೆಂಚವೀರಪ್ಪನವರ ಗಾಡಿಯಲ್ಲಿ ಅವರ ಬೆನ್ನಿಗೆ ಅಂಟಿ ಕೂತಿದ್ದರು. ತಾನು ಹೆಣೆದ ಕುಣಿಕೆಗೆ ತನ್ನ ಕೊರಳೇ ಬಂತಲ್ಲ ಎಂದು ಮಕ್ತುಮ್ ಸಾಬರಿಗೆ ಒಳಗೊಳಗೇ ಕಸಿವಿಸಿ.

ಆದರೆ ಉಪಾಯಕ್ಕೆ ಬರವೇ? ಎಲ್ಲಿ ಹೋದರೂ ಇಳಿಜಾರು ಹುಡುಕಿ ಗಾಡಿ ನಿಲ್ಲಿಸುವುದು. ಹತ್ತಿ ಕೂತು ಉರುಳಲು ಬಿಟ್ಟು ಗೇರಿಗೆ ಹಾಕಿದರೆ ಎಂಜಿನ್ ತಾನಾಗಿ ಏಳುತ್ತಿತ್ತು. ಹೀಗೆ ಆರು ತಿಂಗಳು ಸಾಗಿತು.

ಪ್ರತಿ ಭಾನುವಾರ ಬೆಳಿಗ್ಗೆ ಮೂವರೂ ಹರಿಹರಕ್ಕೆ ಹೋಗಿ ಚಹಾ ಕುಡಿದು ಬರುವುದು ಹಳೆಯ ರೂಢಿ. ಹೋಟೆಲಿನ ಪಕ್ಕದಲ್ಲೊಂದು ದಿಬ್ಬ, ಅದರಾಚೆ ಹೊಳೆಯ ಕಡೆಗೆ ಇಳಿಯುವ ದಾರಿ. ದಿಬ್ಬದ ನೆತ್ತಿ ಮಕ್ತುಮ್ ಸಾಬರ ಜಾಗ. ಆವತ್ತು ನೋಡಿದರೆ ಅಲ್ಲಿ ಹುಲ್ಲಿನ ಬಂಡಿ ನೊಗ ಇಳಿಸಿ ನಿಂತಿದೆ, ಎತ್ತುಗಳು ಮೆಲುಕು ಹಾಕುತ್ತಿವೆ, ಬಂಡಿಯವನು ಕಾಣೆ. ಬೇರೆ ದಾರಿಯಿಲ್ಲದೆ ಸಾಬರು ಕೆಳಗೆ ಸಮನೆಲದಲ್ಲಿ ಗಾಡಿ ನಿಲ್ಲಿಸಿದರು.

"ಮೊದ್ಲು ಬಾತಿ ದಾಟೋದ್ರೊಳಗೆ ಧೂಳಿಗೆ ಮೀಸೆ ಕೆಂಪಗಾಗ್ತಿತ್ತು" ಎಂದರು ಕೆಂಚವೀರಪ್ಪ. "ಈಗ ಡಾಂಬರು ಹಾಕ್ಯಾರೆ. ಮೀಸೆ ಬೆಳ್ಳಗಿರೋದು ಎಲ್ರಿಗೂ ಗೊತ್ತಾಗ್ತೈತೆ."

"ಆಗ ನಮ್ಮ ಸಪ್ಪಳ ಕೇಳಿದ್ರೆ ಊರಿಗೂರೇ ಹೊರಗೆ ಬರ್ತಿತ್ತು" ಎಂದರು ನಬೀ ಸಾಬರು. "ಈಗ ನಾಯಿನೂ ಎದ್ದು ನೋಡಲ್ಲ."

"ನಾಯಿಗೂ ವಯಸ್ಸಾಗೈತೆ ಬಿಡು" ಎಂದ ಮಕ್ತುಮ್ ಸಾಬರ ಕಣ್ಣು ಮಾತ್ರ ಹುಲ್ಲಿನ ಬಂಡಿಯ ಮೇಲೆ. ಮತ್ತೊಂದು ಚಹಾ ಹೇಳಿದರು. ಅದು ಮುಗಿದರೂ ಬಂಡಿ ಕದಲಲಿಲ್ಲ.

ಕೊನೆಗೆ ಎದ್ದು, ಬಿಸ್ಮಿಲ್ಲಾ ಎಂದು ಒದ್ದರು. ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೆ ಒದ್ದರು. ಮೊಣಕಾಲಿನಲ್ಲಿ ಕಡಲೆ ಸಿಡಿದು ಕಣ್ಣಿಗೆ ಕತ್ತಲೆ ಬಂತು. ಮೂರನೆಯ ಸಲ ಕಾಲು ಮೇಲಕ್ಕೇ ಏಳಲಿಲ್ಲ.

ನಬೀ ಸಾಬರು ಗಡ್ಡ ನೀವಿಕೊಂಡರು. "ಅದಕ್ಕೇನೋ ಮಕ್ತುಮ್, ಆರು ತಿಂಗಳಿಂದ ದಿಬ್ಬ ಕಂಡಲ್ಲಿ ಕೋಳಿ ಹತ್ತಿದಂಗೆ ಹತ್ತಿ ನಿಲ್ಲಿಸ್ತಿದ್ದಿ? ಕುಣಿಯಾಕೆ ಬರದಾಕಿ ನೆಲ ಡೊಂಕು ಅಂದ್ಲಂತೆ. ನಿಂಗೆ ನೆಲ ಡೊಂಕಿದ್ರೇನೇ ಕುಣಿತ ಬರೋದು."

ಕೆಂಚವೀರಪ್ಪ ಪಂಚೆ ಎತ್ತಿ ಕಟ್ಟಿದರು. "ಸರೀರಿ ಸಾಬ್ರೆ, ನಾನೊಂದು ಒದಿತೀನಿ."

"ಮುಟ್ಟಬ್ಯಾಡ್ರಿ ಗೌಡ್ರೆ. ನಿಮ್ಮ ಕಾಲು ಬಿದ್ರೆ ನಾನು ಹಿಂದೆ ಕೂಡ್ಬೇಕು. ನಿಮ್ಮ ಹಿಂದೆ ಜಾಗ ಬ್ಯಾರೆ ಇಲ್ಲ."

ಅಷ್ಟಂದು ಹ್ಯಾಂಡಲ್ ಹಿಡಿದು, ಅಪ್ಪ ಕುದುರೆಯ ಜೊತೆ ನಡೆದಂತೆ, ಗಾಡಿಯ ಪಕ್ಕದಲ್ಲಿ ದಿಬ್ಬ ಹತ್ತತೊಡಗಿದರು. ಎರಡು ಹೆಜ್ಜೆ, ಉಸಿರು. ಮತ್ತೆರಡು ಹೆಜ್ಜೆ, ಮತ್ತೆ ಉಸಿರು. ನಬೀ ಸಾಬರು ಚೇಷ್ಟೆ ಮಾಡುತ್ತಲೇ ಪಕ್ಕಕ್ಕೆ ಬಂದು ನಡೆದರು. ಆದರೆ ಗಾಡಿಗೆ ಕೈ ಹಚ್ಚಲಿಲ್ಲ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಅದನ್ನು ನೋಡಿ ಮಕ್ತುಮ್ ಸಾಬರು ಬ್ರೇಕ್ ಹಿಡಿದು ಗಾಡಿ ನಿಲ್ಲಿಸಿದರು.

"ಆವತ್ತು ನಾನು ಹಂಗೆ ಅನ್ನಬಾರದಿತ್ತು ನಬೀ."

"ಈಗ ಉಸಿರು ಉಳಿಸ್ಕೋ, ಇನ್ನೂ ಹತ್ತು ಮಾರು ಐತೆ."

ಬಂಡಿಯನ್ನು ಸುತ್ತಿ ಹೋಗಿ ನೆತ್ತಿ ತಲುಪಿದರು. ಮಕ್ತುಮ್ ಸಾಬರು ಹತ್ತಿ ಕೂತು ಗಾಡಿಯನ್ನು ಉರುಳಬಿಟ್ಟರು. ಅರ್ಧ ಇಳಿಜಾರು ಸದ್ದೇ ಇಲ್ಲ. ಆಮೇಲೆ ಒಂದು ಸೀನು, ಅದರ ಹಿಂದೆಯೇ ಫಟಫಟ ಸಪ್ಪಳ. ಎತ್ತುಗಳು ಮೆಲುಕು ಬಿಟ್ಟು ತಲೆಯೆತ್ತಿದವು. ಹೊಳೆಯ ಹತ್ತಿರ ಸುತ್ತು ಹೊಡೆದು ಬಂದು ನಬೀ ಸಾಬರ ಮುಂದೆ ನಿಂತು, "ಹತ್ತು" ಎಂದರು. ಮೂರು ವರ್ಷದ ಮೇಲೆ ನಬೀ ಸಾಬರು ಬೆನ್ನು ಬದಲಾಯಿಸಿದರು.

ಕೆಂಚವೀರಪ್ಪನವರಿಗೆ ಮನಸ್ಸು ತಡೆಯದು. "ಸಾಬ್ರೆ, ಐತ್ವಾರ ಐತ್ವಾರ ನಿಮ್ಮ ಮನಿಗೆ ಬಂದು ನಾನೇ ಎಬ್ಬಿಸಿ ಕೊಡ್ತೀನಿ. ಇಲ್ಲೂ ಅಷ್ಟೇ, ಬಂಡಿಯವನಿಗೆ ಹೇಳಿ ಜಾಗ ಬಿಡಿಸ್ತೀನಿ."

ಮಕ್ತುಮ್ ಸಾಬರು ಎಂಜಿನ್ನಿನ ಸಪ್ಪಳದ ಮೇಲೆ ದನಿ ಏರಿಸಿದರು.

"ಬ್ಯಾಡ್ರಿ ಗೌಡ್ರೆ. ಹರಿಹರದಾಗೆ ಹೊಳೆ ಇರೋತನಕ ಇಳಿಜಾರು ಇರ್ತೈತೆ, ನಂಗೆ ಯಾರ ಕಾಲೂ ಬ್ಯಾಡ. ಬಂಡಿಯವನ ಹತ್ರನೂ ನಾನೇ ಮಾತಾಡ್ಕೊಂತೀನಿ."